ಜಿಲ್ಲಾ ಪುಟದ ಸುದ್ದಿ ಲಂಡನ್ನಿಗೆ ಹೋದರೆ

ವಿದೇಶಿ ಪತ್ರಿಕೆಯೊಂದು ಭಾರತದ ಬಗ್ಗೆ ಕಟುವಾಗಿ ಬರೆದ ಮರುದಿನ ಕಲಬುರಗಿಯ ವಾಟ್ಸ್ಆ್ಯಪ್ ಗುಂಪುಗಳನ್ನು ನೋಡಬೇಕು. ತೊಗರಿ ದರ, ಮದುವೆ ಆಮಂತ್ರಣ, ಶರಣಬಸವೇಶ್ವರ ಜಾತ್ರೆಯ ಫೋಟೊ ಬಿಟ್ಟು ಬೇರೇನೂ ಹಾಕದವರು ಆ ದಿನ ಅಂತರರಾಷ್ಟ್ರೀಯ ರಾಜಕಾರಣದ ಪಂಡಿತರಾಗುತ್ತಾರೆ. ಪಿತೂರಿ, ಟೂಲ್‌ಕಿಟ್, ಹೊಟ್ಟೆಕಿಚ್ಚು, ವಸಾಹತುಶಾಹಿ ಮನಸ್ಸು, ಪದಗಳಿಗೇನೂ ಬರವಿಲ್ಲ. ಆದರೆ ಆ ಪತ್ರಿಕೆ ಬರೆದದ್ದೇನು ಎಂದು ಹುಡುಕಿದರೆ ಮೂಲ ವರದಿಯನ್ನು ಯಾರೂ ಹಾಕಿರುವುದಿಲ್ಲ. ದೆಹಲಿ ಕೊಟ್ಟ ಉತ್ತರ ಇರುತ್ತದೆ, ಆ ಉತ್ತರದ ಮೇಲೆ ಟಿವಿ ನಿರೂಪಕನ ಗರ್ಜನೆ ಇರುತ್ತದೆ, ಗರ್ಜನೆಯ ಮೇಲೆ ಯಾರೋ ಹೊಸೆದ ಚುಟುಕವೂ ಇರುತ್ತದೆ.

ಸಿಟ್ಟು ಬರಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ಮಾತನ್ನು ಪರರು ಆಡಿದರೆ ಯಾರಿಗಾದರೂ ಉರಿಯುತ್ತದೆ. ನನ್ನ ತಕರಾರು ಬೇರೆ. ಅದೇ ಸುದ್ದಿಯನ್ನು ಬಹಳ ಹಿಂದೆಯೇ ನಮ್ಮ ಜಿಲ್ಲಾ ವರದಿಗಾರ ಬರೆದಿರುತ್ತಾನೆ. ಎಡಗಡೆಯ ಕಾಲಂನಲ್ಲಿ, ಪಡಿತರ ಚೀಟಿ ತಿದ್ದುಪಡಿಯ ಪ್ರಕಟಣೆಯ ಕೆಳಗೆ, ಎಂಟು ಸಾಲು. ಆಗ ಯಾರಿಗೂ ದೇಶದ ಮಾನ ನೆನಪಾಗುವುದಿಲ್ಲ.

ಹಸಿವಿನ ಸೂಚ್ಯಂಕವನ್ನೇ ತೆಗೆದುಕೊಳ್ಳಿ. 2023ರಲ್ಲಿ ಐರ್ಲೆಂಡ್ ಮತ್ತು ಜರ್ಮನಿಯ ಎರಡು ಸಂಸ್ಥೆಗಳು ಹೊರತಂದ ಪಟ್ಟಿಯಲ್ಲಿ 125 ದೇಶಗಳ ಪೈಕಿ ಭಾರತಕ್ಕೆ 111ನೇ ಸ್ಥಾನ ಸಿಕ್ಕಿತು. ಲೆಕ್ಕದ ಕ್ರಮವೇ ತಪ್ಪು, ಉದ್ದೇಶವೂ ದುರುದ್ದೇಶ ಎಂದು ಕೇಂದ್ರ ಸರ್ಕಾರ ಹೇಳಿತು. ನಾಲ್ಕು ಮಾನದಂಡಗಳಲ್ಲಿ ಮೂರು ಮಕ್ಕಳ ಆರೋಗ್ಯಕ್ಕೆ ಸೇರಿದವು, ಉಳಿದ ಒಂದು ಮೂರು ಸಾವಿರ ಜನರ ಅಭಿಪ್ರಾಯ ಸಮೀಕ್ಷೆಯನ್ನು ನಂಬಿದ್ದು, ಇದನ್ನು ಇಡೀ ದೇಶದ ಹಸಿವು ಎಂದು ಕರೆಯುವುದು ಹೇಗೆ ಎಂಬುದು ಸರ್ಕಾರದ ಪ್ರಶ್ನೆ. ಪ್ರಶ್ನೆ ತೀರಾ ಹುರುಳಿಲ್ಲದ್ದಲ್ಲ. ಮಕ್ಕಳ ಬೆಳವಣಿಗೆ ಕುಂಠಿತವಾಗಿರುವುದನ್ನು ಹಸಿವು ಎಂಬ ಒಂದೇ ಚೀಲಕ್ಕೆ ತುಂಬುವುದು ಒರಟು ಲೆಕ್ಕವೇ.

ಆದರೆ ಅದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019ರ ಸುಮಾರಿಗೆ ನಮ್ಮ ಮನೆಗಳಿಗೂ ಬಂದಿದ್ದರು. ಮಕ್ಕಳನ್ನು ನಿಲ್ಲಿಸಿ ಎತ್ತರ ಅಳೆದು ಬರೆದುಕೊಂಡು ಹೋದರು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ರಾಜ್ಯದಲ್ಲಿ ಸರಾಸರಿ ಶೇ 35ರಷ್ಟಿದ್ದರೆ, ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಈ ಲೆಕ್ಕ ಡಬ್ಲಿನ್ನಿನಿಂದ ಬಂದದ್ದಲ್ಲ. ನಮ್ಮದೇ ಸರ್ಕಾರದ ಮೊಹರು ಇರುವ ಪುಸ್ತಕದಲ್ಲಿದೆ. ಸೂಚ್ಯಂಕದ ಮೇಲೆ ಹರಿಹಾಯ್ದವರಲ್ಲಿ ಯಾರಾದರೂ ಆ ಪುಸ್ತಕದ ಯಾದಗಿರಿಯ ಪುಟವನ್ನು ಹಂಚಿಕೊಂಡದ್ದನ್ನು ನಾನಂತೂ ಕಾಣೆ.

ದೀಪಾವಳಿ ಮುಗಿದ ಮೇಲೆ ಯಾದಗಿರಿ ನಿಲ್ದಾಣದಲ್ಲಿ ಒಂದು ರಾತ್ರಿ ನಿಂತು ನೋಡಿ. ಮುಂಬೈ ಕಡೆಯ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಗೆ ಮೊದಲು ಹತ್ತುವುದು ಗಂಡಸರಲ್ಲ, ಸಾಮಾನು. ಕಿಟಕಿಯಿಂದ ಒಳಗೆ ತೂರುವ ಜೋಳದ ಹಿಟ್ಟಿನ ಚೀಲ, ಹೊಗೆ ಹಿಡಿದ ಪಾತ್ರೆಗಳ ಗಂಟು, ಸುತ್ತಿಟ್ಟ ಕೌದಿ, ಆಮೇಲೆ ಒಂದು ಮಗು. ಆ ಮಗುವಿನ ಅಕ್ಕನ ಬೆನ್ನಿಗೆ ಸರ್ಕಾರಿ ಶಾಲೆಯ ಚೀಲ. ಪುಸ್ತಕವಿದೆಯೋ ಬಟ್ಟೆಯಿದೆಯೋ ಕೇಳಬೇಡಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಉಳಿದಿರುತ್ತದೆ. ಹೆಸರಿನ ಮುಂದೆ ಯುಗಾದಿಯವರೆಗೂ ಗೈರು. ಇದನ್ನು ನಮ್ಮ ವರದಿಗಾರರು ವರ್ಷವರ್ಷವೂ ಬರೆಯುತ್ತಾರೆ. ಗುಳೆ ಎಂಬ ಎರಡಕ್ಷರದ ಶೀರ್ಷಿಕೆ ಕೊಟ್ಟು ಪುಟ ಮುಗಿಸುತ್ತಾರೆ. ನಾಳೆ ಇದೇ ದೃಶ್ಯ ನ್ಯೂಯಾರ್ಕಿನ ಪತ್ರಿಕೆಯ ಮುಖಪುಟಕ್ಕೆ ಬಂದರೆ ಆಗ ನೋಡಿ, ನಮ್ಮ ರೈಲುಗಳ ಮಾನ ಕಾಪಾಡಲು ಎಷ್ಟು ಜನ ಎದ್ದು ನಿಲ್ಲುತ್ತಾರೆ.

ಕೋವಿಡ್ ಕಾಲದಲ್ಲೂ ಇದೇ ಆಯಿತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ನಮ್ಮ ಊರಿನದೇ. ಕಲಬುರಗಿ ಎಂಬ ಹೆಸರನ್ನು ಜಗತ್ತಿನ ವಾರ್ತಾವಾಚಕರೆಲ್ಲ ನಾಲಿಗೆ ಹೊರಳದೆ ತಡವರಿಸಿ ಓದಿದರು. ಮರುವರ್ಷ ಏಪ್ರಿಲ್–ಮೇ ತಿಂಗಳಲ್ಲಿ ದೆಹಲಿಯ ಚಿತೆಗಳ ಫೋಟೊಗಳು ಹೊರದೇಶದ ಪತ್ರಿಕೆಗಳಲ್ಲಿ ಬಂದವು, ಮೇಲಿಂದ ಡ್ರೋನ್ ಹಾರಿಸಿ ತೆಗೆದವು. ನನಗೂ ನೋವಾಯಿತು, ಈಗಲೂ ಆಗುತ್ತದೆ. ತಮ್ಮ ದೇಶದ ಶವಗಳನ್ನು ಅವರು ಹಾಗೆ ತೋರಿಸುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಆ ತಿಂಗಳು ನಮ್ಮ ಸ್ಥಳೀಯ ಆವೃತ್ತಿಯ ನಿಧನ ವಾರ್ತೆ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಮೂಲೆಯಲ್ಲಿ ಇರುತ್ತಿದ್ದ ನಾಲ್ಕು ಫೋಟೊಗಳು ಹರಡಿ ಹರಡಿ ಅರ್ಧ ಪುಟ ನುಂಗಿದವು. ಅಂಚೆ ಚೀಟಿಯಷ್ಟು ಮುಖಗಳು, ಹೆಚ್ಚಿನವು ಮದುವೆ ಆಲ್ಬಮ್ಮಿನಿಂದ ಕತ್ತರಿಸಿದವು, ಭುಜದ ಮೇಲೆ ಪಕ್ಕದವರ ಕೈ ಇನ್ನೂ ಉಳಿದೇ ಇತ್ತು. ಕಾರಣ ಎಂಬ ಜಾಗದಲ್ಲಿ ಅಲ್ಪಕಾಲದ ಅನಾರೋಗ್ಯ. ಅದನ್ನು ಓದಲು ಯಾವ ವಿದೇಶಿ ವರದಿಗಾರನೂ ಬೇಕಿರಲಿಲ್ಲ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆ ಎಂದು ಅಂದಾಜಿಸಿತು. ಆ ಅವಧಿಗೆ ನಮ್ಮ ಅಧಿಕೃತ ಕೋವಿಡ್ ಲೆಕ್ಕ 4.8 ಲಕ್ಷದಷ್ಟಿತ್ತು. ಗಣಿತದ ಮಾದರಿಯೇ ಸರಿಯಿಲ್ಲ ಎಂದು ದೆಹಲಿ ಪ್ರತಿಭಟಿಸಿತು. ಅದು ಅಂದಾಜು, ಪ್ರಶ್ನಿಸಲು ಜಾಗವಿದೆ. ಹಾಗಾದರೆ ನಮ್ಮದೇ ಜನನ–ಮರಣ ನೋಂದಣಿಯ ಪುಸ್ತಕ ಏನು ಹೇಳುತ್ತದೆ? 2020ರಲ್ಲಿ 81 ಲಕ್ಷದಷ್ಟಿದ್ದ ನೋಂದಾಯಿತ ಸಾವುಗಳು 2021ರಲ್ಲಿ ಒಂದು ಕೋಟಿ ದಾಟಿದವು. ಈ ಅಂಕಿಅಂಶ ಹೊರಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಜಗಳವಾಡಿದವರೆಲ್ಲ ಬೇರೆ ಜಗಳಕ್ಕೆ ಹೋಗಿದ್ದರು.

ಇನ್ನು 1948ರ ಮಾತು. ನಮ್ಮ ಭಾಗದ ಹಿರಿಯರಿಗೆ ಆ ವರ್ಷದ ಎರಡು ಕಥೆಗಳು ಗೊತ್ತು. ಒಂದು ಹೈದರಾಬಾದ್ ನಿಜಾಮನ ಪರ ನಿಂತಿದ್ದ ಸಶಸ್ತ್ರ ಪಡೆ ರಜಾಕಾರರದು. ಆ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಇನ್ನೂರರಷ್ಟು ಜನರನ್ನು ಕೊಂದರೆಂದು ಆ ಊರು ಹೇಳುತ್ತದೆ. ಈಗ ಅಲ್ಲಿ ಸ್ಮಾರಕ ಎದ್ದಿದೆ, ಏಳಲೇಬೇಕಿತ್ತು. ಇನ್ನೊಂದು ಕಥೆ ನಿಜಾಮನ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ನಡೆದದ್ದು, ಈ ಸಲ ಸತ್ತವರು ಮುಸ್ಲಿಮರು. ಅದಕ್ಕೆ ಸ್ಮಾರಕವಿಲ್ಲ. ನೆಹರೂ ಅವರು ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಕಳಿಸಿದ ತಂಡ ಅದೇ ವರ್ಷದ ಕೊನೆಯಲ್ಲಿ ಇಲ್ಲೆಲ್ಲ ಓಡಾಡಿ ವರದಿ ಬರೆಯಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು, ಹೆಚ್ಚು ನಲುಗಿದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್ ಎಂದಿತು. ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ. 2013ರಲ್ಲಿ ಬಿಬಿಸಿ ಅದರ ಬಗ್ಗೆ ಸುದ್ದಿ ಮಾಡಿದಾಗ ಲಂಡನ್ನಿನವರಿಗೆ ನಮ್ಮ ಗಾಯ ಕೆದಕುವ ಕೆಲಸವೇಕೆ ಎಂಬ ಮಾತನ್ನು ನಾನು ಇದೇ ಊರಿನಲ್ಲಿ ಕೇಳಿದೆ. ಬರೆದವರು ಲಂಡನ್ನಿನವರೇ? ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು, ನಮ್ಮದೇ ಪ್ರಧಾನಿ ಕಳಿಸಿದವರು. ನಾವೇ ಬರೆಸಿ ನಾವೇ ಬೀಗ ಹಾಕಿದ್ದನ್ನು ಹೊರಗಿನವನು ಓದಿ ಹೇಳಿದ, ಅಷ್ಟೇ.

ಹೊರಗಿನವರು ಸಾಚಾಗಳು ಎಂಬ ಭ್ರಮೆ ನನಗಿಲ್ಲ. 2014ರಲ್ಲಿ ಮಂಗಳಯಾನ ಯಶಸ್ವಿಯಾದಾಗ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಹಾಕಿತು. ಬಾಹ್ಯಾಕಾಶದ ಶ್ರೀಮಂತರ ಕ್ಲಬ್ಬಿನ ಬಾಗಿಲು ತಟ್ಟುವ ರೈತ, ಪಕ್ಕದಲ್ಲಿ ಹಸು. ಓದುಗರು ಬಿಡಲಿಲ್ಲ, ಪತ್ರಿಕೆ ಕ್ಷಮೆ ಕೇಳಿತು. ಅದು ಸರಿಯಾದ ಜಗಳ, ಸರಿಯಾದ ಗೆಲುವು. ಅದಕ್ಕೂ ಹಿಂದೆ 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೊ ಭಾರತದ ಹೊಲಸನ್ನಷ್ಟೇ ಆಯ್ದು ಪುಸ್ತಕ ಬರೆದಾಗ ಗಾಂಧೀಜಿ ಅದನ್ನು ಚರಂಡಿ ಇನ್‌ಸ್ಪೆಕ್ಟರನ ವರದಿ ಎಂದು ಜರೆದರು. ಈ ಬೈಗುಳ ಎಲ್ಲರಿಗೂ ಬಾಯಿಪಾಠ. ಅದೇ ಲೇಖನದಲ್ಲಿ ಅವರು ಭಾರತೀಯರು ಆ ಪುಸ್ತಕವನ್ನು ಓದಿ ಪ್ರಯೋಜನ ಪಡೆಯಬಹುದು, ಆರೋಪದ ರೀತಿಯನ್ನು ತಳ್ಳಿಹಾಕಬಹುದೇ ಹೊರತು ಒಳಗಿನ ಸತ್ಯಾಂಶವನ್ನಲ್ಲ ಎಂಬರ್ಥದಲ್ಲಿ ಬರೆದದ್ದನ್ನು ಯಾರೂ ಉಲ್ಲೇಖಿಸುವುದಿಲ್ಲ.

ಸರ್ಕಾರಗಳದು ಇನ್ನೊಂದೇ ದಾರಿ. 1970ರಲ್ಲಿ ಭಾರತದ ಬಗ್ಗೆ ಫ್ರೆಂಚ್ ನಿರ್ದೇಶಕ ಮಾಡಿದ ಸಾಕ್ಷ್ಯಚಿತ್ರ ಪ್ರಸಾರವಾದದ್ದಕ್ಕೆ ಬಿಬಿಸಿಯ ದೆಹಲಿ ಕಚೇರಿಗೆ ಬೀಗ ಬಿತ್ತು, ತುರ್ತು ಪರಿಸ್ಥಿತಿಯಲ್ಲಿ ವಿದೇಶಿ ವರದಿಗಾರರಿಗೆ ಗಂಟುಮೂಟೆ ಕಟ್ಟಿಸಲಾಯಿತು. 2023ರ ಜನವರಿಯಲ್ಲಿ ಮತ್ತೆ ಬಿಬಿಸಿಯ ಸಾಕ್ಷ್ಯಚಿತ್ರದ ತುಣುಕುಗಳನ್ನು ತಡೆಯಲಾಯಿತು, ಮರುತಿಂಗಳು ಆದಾಯ ತೆರಿಗೆಯವರು ಅದರ ಕಚೇರಿಗಳಲ್ಲಿ ಕುಳಿತರು. ಆಳುವ ಪಕ್ಷ ಬದಲಾದರೂ ಚಟ ಬದಲಾಗಲಿಲ್ಲ. ನಮ್ಮದಷ್ಟೇ ಚಟವೂ ಅಲ್ಲ: ಕೊಲ್ಲಿಯೊಂದಕ್ಕೆ ತಾನಿಟ್ಟ ಹೊಸ ಹೆಸರನ್ನು ಬಳಸಲಿಲ್ಲವೆಂದು 2025ರಲ್ಲಿ ಅಮೆರಿಕದ ಶ್ವೇತಭವನ ತನ್ನದೇ ದೇಶದ ಸುದ್ದಿಸಂಸ್ಥೆ ಎಪಿಯ ವರದಿಗಾರರನ್ನು ಹೊರಗಿಟ್ಟಿತು. ತಡೆದದ್ದರ ಫಲವಂತೂ ಎಲ್ಲ ಕಡೆಯೂ ಒಂದೇ. ಸಾಕ್ಷ್ಯಚಿತ್ರ ಎಂದರೇನೆಂದು ತಿಳಿಯದ ನಮ್ಮ ಓಣಿಯ ಹುಡುಗರು ಅದನ್ನು ಹುಡುಕಿ ನೋಡಿದ್ದು ತಡೆದ ಮೇಲೆಯೇ.

ಇಷ್ಟಕ್ಕೂ ಕೆಟ್ಟ ಸುದ್ದಿಯನ್ನು ಎದುರಿಸುವುದು ಹೇಗೆಂದು ಕಲಬುರಗಿಯವರಿಗೆ ಯಾರೂ ಕಲಿಸಬೇಕಿಲ್ಲ. ಬೆಂಗಳೂರಿನ ಮಾಧ್ಯಮಕ್ಕೆ ನಾವು ಒಂದು ಬಗೆಯ ಪರದೇಶವೇ. ಕ್ಯಾಮೆರಾ ಇಲ್ಲಿಗೆ ಬರುವುದು ಬಿಸಿಲಿಗೆ, ಬರಕ್ಕೆ, ಬಾಲ್ಯವಿವಾಹಕ್ಕೆ, ಚುನಾವಣೆಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪಟ್ಟಿಯ ತಳ ತೋರಿಸುವಾಗ ನಿರೂಪಕಿಯ ಬೆರಳು ನಮ್ಮ ಮೇಲೆಯೇ ಬೀಳುತ್ತದೆ. 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಅವಮಾನವಾಗುವುದಿಲ್ಲವೇ? ಆಗುತ್ತದೆ. ಆದರೆ ಇದು ಬೆಂಗಳೂರಿನ ಪಿತೂರಿ ಎಂದು ಯಾರಾದರೂ ಹೇಳಿದರೆ ಚಹಾದಂಗಡಿಯಲ್ಲೂ ನಗುತ್ತಾರೆ. ಗಣಿತಕ್ಕೆ ಮೇಷ್ಟ್ರಿಲ್ಲ, ಅತಿಥಿ ಶಿಕ್ಷಕರಿಗೆ ಸಂಬಳ ಬಂದಿಲ್ಲ ಎಂಬ ಮಾತು ತಾನಾಗಿ ಶುರುವಾಗುತ್ತದೆ.

2002ರಲ್ಲಿ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಹೆಸರಿಸಿತು. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಒಂದು ಪ್ರದೇಶಕ್ಕೆ ಇದಕ್ಕಿಂತ ಕೆಟ್ಟ ಸರ್ಟಿಫಿಕೇಟು ಬೇಕೆ? ಆಗ ನಾವು ಮಾಡಬಹುದಿದ್ದದ್ದು ಬಹಳ ಇತ್ತು. ಬಹಮನಿಗಳ ರಾಜಧಾನಿ ನಮ್ಮದು, ಬಸವಣ್ಣನ ಕಲ್ಯಾಣ ನಮ್ಮದು, ಕನ್ನಡದಲ್ಲಿ ಸಿಕ್ಕಿರುವ ಮೊದಲ ಕೃತಿ ಹುಟ್ಟಿದ ಮಾನ್ಯಖೇಟ ನಮ್ಮದು, ನಮ್ಮನ್ನು ಹಿಂದುಳಿದವರು ಎನ್ನಲು ಇವರು ಯಾರು ಎಂದು ಕೂಗಬಹುದಿತ್ತು. ಬದಲಿಗೆ ವೈಜನಾಥ ಪಾಟೀಲರಂಥ ಹೋರಾಟಗಾರರು ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಬೀದಿಗಿಳಿದರು. ತಾಲ್ಲೂಕಿನ ಹೆಸರು ಹಿಡಿದು, ಅಂಕಿ ಹಿಡಿದು, ದೆಹಲಿಯವರೆಗೂ ಕೇಳಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದಿತು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿಯ ಮಕ್ಕಳಿಗೆ ಸಿಕ್ಕಿತು. ಇವತ್ತು ನಮ್ಮ ಹಳ್ಳಿಯಿಂದ ಡಾಕ್ಟರಾದ ಹುಡುಗಿಯ ಹಿಂದೆ ಆ ಅವಮಾನದ ಪಟ್ಟಿ ಇದೆ. ಈ ಭಾಗದ ಅಭಿವೃದ್ಧಿ ಮಂಡಳಿಯ ದುಡ್ಡು ಎಲ್ಲೆಲ್ಲಿ ಸೋರಿತು ಎಂಬುದು ಬೇರೆ ಕಥೆ, ಇನ್ನೊಂದು ದಿನ ಬರೆಯುತ್ತೇನೆ, ಬೈಯುವುದು ಬಹಳ ಇದೆ.

ಹೊಗಳಿಕೆಯ ವಿಷಯದಲ್ಲೂ ನಮ್ಮ ಕಿವಿ ಹೀಗೆಯೇ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ನ್ಯೂಯಾರ್ಕಿನ ಸಂಸ್ಥೆ 2014ರ ತನ್ನ ಪಟ್ಟಿಯಲ್ಲಿ ಬೀದರ ನಗರವನ್ನು ಸೇರಿಸಿತು. ಪರಿಚಿತರು ಹಲವರು ಇದನ್ನು ಬಿರುದು ಬಂದಂತೆ ಹಂಚಿಕೊಂಡು ಹೆಮ್ಮೆಪಟ್ಟರು. ಅದು ಅಪಾಯದಲ್ಲಿರುವ, ಗಮನ ಬೇಕಾದ ತಾಣಗಳ ಪಟ್ಟಿ. ಬೈಗುಳವನ್ನೂ ಓದುವುದಿಲ್ಲ, ಹೊಗಳಿಕೆಯನ್ನೂ ಓದುವುದಿಲ್ಲ, ಕಳಿಸಿದವರ ವಿಳಾಸ ನೋಡಿಯೇ ಕುಣಿಯುತ್ತೇವೆ ಅಥವಾ ಕೆರಳುತ್ತೇವೆ.

ಈಗ ಕಾಮೆಂಟುಗಳು ಬರುತ್ತವೆ, ಗೊತ್ತು. ಚೀನಾದ ಬಗ್ಗೆ ಯಾಕೆ ಬರೆಯಲಿಲ್ಲ, ಆ ಪತ್ರಿಕೆಯ ಮಾಲೀಕ ಯಾರು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ. ಕೇಳಿ, ಕೇಳಬೇಕಾದ ಪ್ರಶ್ನೆಗಳೇ. ಜೊತೆಗೆ ಸುರಪುರ, ಶಹಾಪುರ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇವೆ ಎಂದೂ ಒಂದು ಅರ್ಜಿ ಹಾಕಿ ಕೇಳಿ. ಮಾಹಿತಿ ಹಕ್ಕಿನ ಶುಲ್ಕ ಹತ್ತು ರೂಪಾಯಿ, ಉತ್ತರವನ್ನು ಇದೇ ಬರಹದ ಕೆಳಗೆ ಹಾಕಿ.