ಮುಚ್ಚಳದ ಮೇಲೆ ಯಾರು?

ಫೋಟೊಗಳಿಗೆ ಕತ್ತಲೆ ಬೇಕು, ಫೋಟೊದಲ್ಲಿ ಇರುವವರಿಗೆ ಬೆಳಕು ಬೇಕು. ಮನೆಯಲ್ಲೇ ಕೈಯಾರೆ ಫೋಟೊ ಪೆಟ್ಟಿಗೆ ಮಾಡಲು ಕೂತವರ ತಾಪತ್ರಯಗಳೆಲ್ಲ ಇಲ್ಲಿಂದಲೇ ಶುರು. ಬಣ್ಣದ ಫೋಟೊ ಬೆಳಕು ಕಂಡಷ್ಟೂ ಮಾಸುತ್ತದೆ. ಬಿಸಿಲು ಬೀಳುವ ಗೋಡೆಯ ಮೇಲೆ ಮದುವೆಯ ಫೋಟೊ ತೂಗುಹಾಕಿ ನೋಡಿ, ಕೆಲವು ವರ್ಷ ಕಳೆದರೆ ಅಂದು ಉಟ್ಟಿದ್ದು ಯಾವ ಬಣ್ಣ ಎಂದು ಸ್ವತಃ ಮದುಮಗಳೇ ವಾದಕ್ಕೆ ನಿಲ್ಲಬೇಕಾಗುತ್ತದೆ. ಅದಕ್ಕೇ ಫೋಟೊಗಳು ಪೆಟ್ಟಿಗೆಯೊಳಗೆ, ತಂಪಾದ, ಒಣಗಿದ ಜಾಗದಲ್ಲಿ ಇರಬೇಕು ಅಂದೆ.

“ಅಂದ್ರೆ ನಮ್ಮನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಿಡ್ತೀಯಾ?” ಅಂದರು ದೊಡ್ಡತ್ತೆ.

ಹೀಗೆ ಹುಟ್ಟಿಕೊಂಡಿದ್ದು ಮುಚ್ಚಳದಲ್ಲಿ ಕಿಟಕಿಯ ಯೋಜನೆ. ಒಳಗೆ ಕತ್ತಲೆ, ಮೇಲೊಂದು ಗಾಜಿನ ಕಿಟಕಿ, ಅದರಲ್ಲಿ ಒಂದು ಫೋಟೊ. ಇಟ್ಟಂತೆಯೂ ಆಯಿತು, ತೋರಿಸಿದಂತೆಯೂ ಆಯಿತು. ಕೈಗೆ ಕಟ್ಟರ್ ಬರುವ ತನಕ ಎಲ್ಲ ರಾಜಿ ಸೂತ್ರಗಳೂ ಚೆನ್ನಾಗಿಯೇ ಇರುತ್ತವೆ.

“ಚಪ್ಪಲಿ ಡಬ್ಬಿ ಇದೆಯಲ್ಲ, ಅದಕ್ಕೇ ಬಣ್ಣದ ಕಾಗದ ಅಂಟಿಸಿದ್ರಾಯ್ತು” ಎಂಬ ಸಲಹೆ ಎಲ್ಲ ಮನೆಯಲ್ಲೂ ಬರುತ್ತದೆ, ನಮ್ಮಲ್ಲೂ ಬಂತು. ಅಗ್ಗದ ರಟ್ಟಿನಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ, ಕಾಲ ಕಳೆದಂತೆ ಅದು ಆಮ್ಲ ಬಿಡುತ್ತದೆ, ತಾನು ಹಳದಿಯಾಗುವುದಲ್ಲದೆ ಪಕ್ಕದಲ್ಲಿ ಇದ್ದದ್ದನ್ನೂ ಹಾಳುಮಾಡುತ್ತದೆ ಎಂದು ಉಪನ್ಯಾಸ ಕೊಟ್ಟೆ. “ಆಸಿಡ್ ಇಲ್ಲದ ರಟ್ಟೇ ಬೇಕು” ಎಂದು ಮುಗಿಸಿದ್ದೇ ತಡ, ಪೂರ್ತಿ ಕೇಳಿಸಿಕೊಳ್ಳದ ಅಮ್ಮ ಮಕ್ಕಳನ್ನೆಲ್ಲ ಎಳೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಸಿಡ್ ಇಲ್ಲ ಎಂದು ಬಾಗಿಲ ಹೊರಗಿನಿಂದ ಎಷ್ಟು ಕೂಗಿದರೂ ಒಳಗೆ ಕೇಳಿಸುತ್ತಿದ್ದುದು ಮೊದಲಿನ ಪದ ಮಾತ್ರ.

ಪೆಟ್ಟಿಗೆಯ ನಾಲ್ಕು ಗೋಡೆ ನಿಲ್ಲಿಸುವುದು ದೊಡ್ಡ ವಿದ್ಯೆಯಲ್ಲ. ವಿದ್ಯೆ ಇರುವುದು ಮುಚ್ಚಳದಲ್ಲಿ. 4×6 ಇಂಚಿನ ಫೋಟೊ ಎಂದರೆ ಸುಮಾರು 102×152 ಮಿಲಿಮೀಟರ್. ಬೆರಳು ಹೋಗಿಬರಲು ಜಾಗ ಬಿಟ್ಟು ಒಳ ಅಳತೆ 110×160 ಇಟ್ಟುಕೊಳ್ಳಿ. ರಟ್ಟಿನ ದಪ್ಪ 2 ಮಿಲಿಮೀಟರ್ ಆದರೆ ಹೊರ ಅಳತೆ 114×164. ಅದರ ಮೇಲೆ ಅಲಂಕಾರದ ಕಾಗದ, ಅಂಟು, ಮೂಲೆಯಲ್ಲಿ ಮಡಿಕೆ. ಹಾಗಾಗಿ ಮುಚ್ಚಳದ ಒಳ ಅಳತೆ 117×167 ಇದ್ದರೆ ಕ್ಷೇಮ. ಈ ಮೂರು ಮಿಲಿಮೀಟರನ್ನು “ಅಷ್ಟೊಂದು ಸಡಿಲ ಯಾಕೆ, ಟೈಟಾಗಿ ಕೂರಬೇಕು” ಎಂದು ಕಿತ್ತುಕೊಂಡವರು ಭಾವ. ಅವರ ಮಾತಿನಂತೆಯೇ ಮುಚ್ಚಳ ಟೈಟಾಗಿ ಕೂತಿತು. ಎಷ್ಟು ಟೈಟೆಂದರೆ, ಭಾವ ಎರಡೂ ಕೈಯಿಂದ ಒತ್ತಿ ಕೂರಿಸಿದ ಮೇಲೆ ಅದು ಏಳಲೇ ಇಲ್ಲ. ಕತ್ತರಿಸಿ ತೆಗೆಯೋಣವೆಂದರೆ ಕತ್ತರಿ, ಕಟ್ಟರ್, ಸ್ಕೇಲು ಮೂರೂ ಒಳಗೇ ಇದ್ದವು. ಸಾಮಾನು ಚೆಲ್ಲಾಪಿಲ್ಲಿ ಆಗದಿರಲೆಂದು ಅವನ್ನು ಪೆಟ್ಟಿಗೆಯಲ್ಲಿ ಜೋಡಿಸಿಟ್ಟವರೂ ಭಾವನೇ.

ಎರಡನೆಯ ಪೆಟ್ಟಿಗೆಗೆ ಅಂಟಿನ ಪಾಠ. ನೀರಿನಂಶದ ಗೋಂದು ಬಳಿದಾಗ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗುತ್ತ ರಟ್ಟನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ರಾತ್ರಿ ನೆಟ್ಟಗಿದ್ದ ಮುಚ್ಚಳ ಬೆಳಿಗ್ಗೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಇದಕ್ಕೆ ಮದ್ದು, ಇನ್ನೊಂದು ಬದಿಗೂ ಕಾಗದ ಅಂಟಿಸಿ ಎರಡೂ ಕಡೆಯ ಎಳೆತ ಸಮ ಮಾಡುವುದು, ಒಣಗುವ ತನಕ ಭಾರ ಹೇರುವುದು. ಭಾರಕ್ಕೆ ನಿಘಂಟು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಮಗ “ನಾನು ಕೂರ್ತೀನಿ” ಎಂದು ಕೂತುಬಿಟ್ಟ. ಸುಮ್ಮನೆ ಕೂರುವ ಜಾತಿಯಲ್ಲ ಅವನು.

ಹಿಟ್ಟು ಕಲಸಿದ ಅಂಟೇ ಎಲ್ಲದಕ್ಕಿಂತ ಗಟ್ಟಿ ಎಂದು ಚಿಕ್ಕಪ್ಪ ಹಟ ಹಿಡಿದರು. ಗಟ್ಟಿಯೇನೋ ಹೌದು, ಆದರೆ ಸಿಲ್ವರ್‌ಫಿಶ್ ಎಂಬ ಆ ಬೆಳ್ಳಿ ಮೈಯ ಹುಳಕ್ಕೂ ಜಿರಲೆಗೂ ಅದು ಔತಣ. ಹಿಟ್ಟು ಮುಗಿಸಿ ಅವು ಪೂರ್ವಜರ ಮೇಲೆ ಕೈಹಾಕುತ್ತವೆ. ಮಿನುಗುಪುಡಿಯ ವಿಚಾರ ಹೆಚ್ಚು ಬರೆಯಲಾರೆ. ಮುಚ್ಚಳದ ಅಂಚಿಗೆಂದು ಮಕ್ಕಳು ತಂದದ್ದು ಈಗಲೂ ಅಪ್ಪನ ಹುಬ್ಬಿನಲ್ಲಿ ಸಿಗುತ್ತದೆ.

ಪೆಟ್ಟಿಗೆ ನಿಂತಿತು, ಫೋಟೊ ಆರಿಸುವ ಸರದಿ. ಫೋಟೊದ ಹಿಂಬದಿಗೆ ಹೆಸರು ಬರೆದಿಡುವವರು ಮೆದುವಾದ ಪೆನ್ಸಿಲಿನಲ್ಲಿ, ಹಗುರ ಕೈಯಲ್ಲಿ ಬರೆಯಬೇಕು, ಬಾಲ್ ಪೆನ್ ಒತ್ತಿದರೆ ಅಚ್ಚು ಮುಂದಕ್ಕೆ ಮೂಡುತ್ತದೆ. ನಮ್ಮ ಹಿರಿಯರಿಗೆ ಆ ಚಿಂತೆಯೇ ಇರಲಿಲ್ಲ. ಒಂದರ ಹಿಂದೆ “ನಾವೆಲ್ಲರೂ” ಅಂತ ಬರೆದಿದೆ. ಇನ್ನೊಂದರ ಹಿಂದೆ “ಇದೂ ನಾವೇ”. ಬೋಳುತಲೆಯ ಕೂಸೊಂದು ಗಿಲಕಿ ಹಿಡಿದ ಫೋಟೊ ಸಿಕ್ಕಿತು. ಅದು ತಾನೇ ಎಂದು ಅಪ್ಪ, ಚಿಕ್ಕಪ್ಪ, ದೊಡ್ಡತ್ತೆ ಮೂವರೂ ಪ್ರಮಾಣ ಮಾಡಿದರು. ಗಿಲಕಿ ನನ್ನದು ಎಂದು ಚಿಕ್ಕಪ್ಪ ಅಂದಾಗ, ಅದನ್ನು ಕಿತ್ತುಕೊಂಡವನೂ ನೀನೇ ಎಂದು ಅಪ್ಪ ಅರವತ್ತು ವರ್ಷ ಹಳೆಯ ಕಡತ ತೆರೆದರು.

ಕೊನೆಗೆ ಕಿಟಕಿ. ಮೂಲ ಫೋಟೊವನ್ನು ಗಾಜಿಗೆ ತಾಗಿಸಿ ಇಡಬಾರದು. ಫೋಟೊದ ಮೇಲ್ಮೈಯಲ್ಲಿ ಇರುವುದು ಜೆಲಾಟಿನ್ ಪದರ, ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಆದ್ದರಿಂದ ನಡುವೆ ರಟ್ಟಿನ ಚೌಕಟ್ಟು ಇರಬೇಕು, ಕಿಟಕಿಯಲ್ಲಿ ನಕಲು ಪ್ರತಿ ಇಡಬೇಕು, ಅಸಲು ಒಳಗೆ ಕತ್ತಲಲ್ಲಿ ಹಾಯಾಗಿ ಇರಬೇಕು.

“ನಾನು ನಕಲಾ?” ಅಂದರು ದೊಡ್ಡತ್ತೆ.

“ಎಲ್ಲರದ್ದೂ ನಕಲೇ, ಅತ್ತೆ.”

“ಅವಳದ್ದೂ?” ಎಂದು ಚಿಕ್ಕಮ್ಮನ ಕಡೆ ಕಣ್ಣು ಹಾಯಿಸಿದರು. ಅವಳದ್ದೂ ಎಂದು ಖಾತ್ರಿಯಾದ ಮೇಲೆಯೇ ಸಮಾಧಾನ.

ಜಗಳವೇ ಬೇಡವೆಂದು ಗುಂಪು ಫೋಟೊ ಸೂಚಿಸಿದೆ. 10×12 ಇಂಚಿನದನ್ನು ಅಂಗೈಯಗಲದ ಕಿಟಕಿಗೆ ಕುಗ್ಗಿಸಿದಾಗ ಯಾರು ಯಾರೆಂದು ಯಾರಿಗೂ ತಿಳಿಯಲಿಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿರುವುದು ಮಾತ್ರ ಸ್ಪಷ್ಟವಾಗಿತ್ತು. ಆ ಫೋಟೊ ತೆಗೆದವನಿಗೆ ಶಾಪ ಹಾಕುತ್ತ ಅವರು ಎದ್ದು ಹೋದರು. ಕೊನೆಗೆ ಅಮ್ಮ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ತಂದು ತೀರ್ಪು ಕೊಟ್ಟರು: ತಿಂಗಳಿಗೊಬ್ಬರು, ಹೆಸರು ಚೀಟಿಯಲ್ಲಿ, ಎತ್ತುವುದು ಮಗು, ಮೇಲ್ಮನವಿ ಇಲ್ಲ.

ದೊಡ್ಡತ್ತೆಯ ಚೀಟಿಗೆ ಫೆಬ್ರವರಿ ಬಂತು. ಅವರು ಕನ್ನಡಕ ಹಾಕಿಕೊಂಡು ಕ್ಯಾಲೆಂಡರ್ ನೋಡಿದರು, ಬೆರಳಿಟ್ಟು ದಿನ ಎಣಿಸಿದರು, ಮತ್ತೊಮ್ಮೆ ಎಣಿಸಿದರು. “ಮಿಕ್ಕ ಎರಡು ದಿನ ಯಾರ ಲೆಕ್ಕದಿಂದ ಕೊಡ್ತೀರಿ, ಅದನ್ನ ಮೊದಲು ಹೇಳಿ” ಅಂದರು.