ಹಳೇ ಹಂಡೆ, ಹೊಸ ಹುಚ್ಚು

ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ವಿದ್ಯೆಯಲ್ಲಿ ನಮ್ಮ ಅವ್ವನನ್ನು ಮೀರಿಸುವವರು ಓಣಿಯಲ್ಲಿ ಯಾರೂ ಇರಲಿಲ್ಲ. ಪಾತ್ರೆಯವಳು ಬುಟ್ಟಿ ಇಳಿಸಿದಳೆಂದರೆ ಅವ್ವ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದಳು. ಅಪ್ಪನ ಎರಡು ಪ್ಯಾಂಟು, ಒಂದು ಜರಿ ಸೀರೆ ಕೊಟ್ಟರೆ ಮುಚ್ಚಳ ಸಮೇತ ಒಂದು ಡಬರಿ. ಮೇಲೊಂದು ಚಮಚ ಕೊಸರು. ಕೊಸರಿಲ್ಲದೆ ಅವ್ವ ಎಂದೂ ಎದ್ದವಳಲ್ಲ. ಬಾಗಲಕೋಟೆಯ ನಮ್ಮ ಮನೆಯಿಂದ ಅಜ್ಜಿಯ ಇಳಕಲ್ ಸೀರೆಗಳು ಹೀಗೇ ಹೋದವು. ಗುಳೇದಗುಡ್ಡ ಖಣದ ಕುಪ್ಪಸಗಳೂ ಹೋದವು. 2003ರಲ್ಲಿ ಬಚ್ಚಲಿಗೆ ಗೀಜರ್ ಬಂದಾಗ ತಾಮ್ರದ ಹಂಡೆಯೂ ಹೋಯಿತು, ತೂಕದ ಲೆಕ್ಕದಲ್ಲಿ. ಆಗ ನಮಗೆಲ್ಲ ಖುಷಿಯೋ ಖುಷಿ. ಹೊಗೆ ತಪ್ಪಿತಲ್ಲ!

ಈಗ ಅವನ್ನೆಲ್ಲ ನಾನು ಬೆಂಗಳೂರಿನಲ್ಲಿ ಒಂದೊಂದಾಗಿ ದುಡ್ಡು ಕೊಟ್ಟು ವಾಪಸ್ ತರುತ್ತಿದ್ದೇನೆ. ಇದಕ್ಕೆ ವಿಂಟೇಜ್ ಅನ್ನುತ್ತಾರೆ.

ಶುರುವಾಗಿದ್ದು ಹಂಡೆಯಿಂದ. ಹಳೇ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಅದು ಮೂಲೆಯಲ್ಲಿ ಕೂತಿತ್ತು. ಮೈಯೆಲ್ಲ ಕಂದು, ಕಂಠದ ಸುತ್ತ ತೆಳ್ಳಗೆ ಹಸಿರು. ‘ಮೇಡಂ, ಈ ಬಣ್ಣ ಬರೋಕೆ ಐವತ್ತು ವರ್ಷ ಬೇಕು, ದುಡ್ಡು ಹಂಡೆಗಲ್ಲ, ಬಣ್ಣಕ್ಕೆ’ ಅಂದ ಅಂಗಡಿಯವನು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಚೌಕಾಸಿ ಮಾಡುವುದನ್ನೇ ಮರೆತೆ. ಅವ್ವನ ಮಗಳಾಗಿ! ಮನೆಗೆ ತಂದು ಹಾಲ್‌ನಲ್ಲಿಟ್ಟು, ಒಳಗೆ ಮನಿಪ್ಲಾಂಟ್ ನೆಟ್ಟು, ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಮರುದಿನ ಆಫೀಸಿನಿಂದ ಬಂದು ನೋಡಿದರೆ ಹಂಡೆ ಇದ್ದ ಜಾಗದಲ್ಲಿ ಸೂರ್ಯ ಹುಟ್ಟಿದಂತಿದೆ. ನಮ್ಮ ಕೆಲಸದ ಹುಡುಗಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

‘ಅಕ್ಕಾ, ಎಷ್ಟು ಕಿಲುಬು ಹಿಡಿದಿತ್ತು ಗೊತ್ತಾ? ಕಾಲು ಕೆಜಿ ಹುಣಸೆಹಣ್ಣು ಖರ್ಚಾಯ್ತು. ಯಾರೋ ನಿಮಗೆ ಮೋಸ ಮಾಡಿ ಕೊಟ್ಟಿದ್ದಾರೆ.’

ಹುಣಸೆಹುಳಿ ಮತ್ತು ಉಪ್ಪಿನ ಮುಂದೆ ಐವತ್ತು ವರ್ಷ ಏನೂ ಅಲ್ಲ, ಒಂದೂವರೆ ಗಂಟೆಯಲ್ಲಿ ತೊಳೆದುಹೋಗುತ್ತದೆ. ಪಾಪ, ಅವಳ ಅಂಗೈ ಕೆಂಪಾಗಿತ್ತು. ಬೈಯುವುದು ಹೇಗೆ? ನೂರು ರೂಪಾಯಿ ಕೊಟ್ಟು ಥ್ಯಾಂಕ್ಸ್ ಅಂದೆ. ಅದೇ ತಪ್ಪಾಯಿತು ಅನ್ನಿ. ಈಗ ಪ್ರತಿ ಹಬ್ಬಕ್ಕೂ ತಿಕ್ಕುತ್ತಾಳೆ.

ಆಮೇಲೆ ಟೇಬಲ್ ಕ್ಲಾತ್. ಬಿಳಿ ಬಟ್ಟೆಯನ್ನು ಚಹಾದಲ್ಲಿ ಅದ್ದಿದರೆ ಹಳೇ ಕಾಲದ ಬಟ್ಟೆಯ ಹಾಗೆ ಕೆನೆ ಬಣ್ಣ ಬರುತ್ತದೆ. ಇದು ನಿಜ. ಚಹಾದ ಒಗರು ಹತ್ತಿ ಬಟ್ಟೆಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ಅಂಗಿ ಮೇಲೆ ಚಹಾ ಚೆಲ್ಲಿಕೊಂಡ ಯಾರಿಗಾದರೂ ಗೊತ್ತಿರುವ ವಿಷಯವೇ. ನಾನು ಉಳಿತಾಯ ಮಾಡೋಣ ಅಂತ ಬೆಳಿಗ್ಗೆ ಮಿಕ್ಕಿದ ಚಹಾವನ್ನೇ ಬಳಸಿದೆ. ಹಾಲು ಹಾಕಿರಲಿಲ್ಲ, ಅಷ್ಟು ಬುದ್ಧಿ ಇತ್ತು. ಸಕ್ಕರೆ ಹಾಕಿದ್ದು ನೆನಪಿರಲಿಲ್ಲ. ಬಟ್ಟೆ ಒಣಗಿದ ಮೇಲೆ ಖಡಕ್ಕಾಗಿ ನಿಂತಾಗ ಗಂಜಿ ಹಾಕಿದ ಹಾಗೆ ಚೆನ್ನಾಗಿದೆ ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತರೆ ಟೇಬಲ್ ಮೇಲೆ ಕಪ್ಪನೆಯ ಬಾರ್ಡರ್. ‘ಡಿಸೈನ್ ಚೆನ್ನಾಗಿದೆ ಕಣೇ’ ಅಂದರು ನಮ್ಮವರು. ಅವರು ಮೈಸೂರಿನವರು, ಹೊಗಳುವುದರಲ್ಲಿ ಕೈ ಹಿಂದೆ ಮಾಡುವುದಿಲ್ಲ. ಅಷ್ಟರಲ್ಲಿ ಬಾರ್ಡರು ಅವರ ತಟ್ಟೆಯ ಕಡೆಗೆ ನಡೆಯಲು ಶುರು ಮಾಡಿತು.

ಹೊಲಿಗೆ ಯಂತ್ರದ ಕಥೆ ಚಿಕ್ಕದು. ಹಳೇ ಕಾಲಿನ ಯಂತ್ರದ ಕಬ್ಬಿಣದ ಸ್ಟ್ಯಾಂಡಿಗೆ ಕರಿ ಬಣ್ಣ ಹೊಡೆಸಿ, ಮೇಲೆ ಹಲಗೆ ಹಾಕಿಸಿ ಟೇಬಲ್ ಮಾಡಿದೆ. ನೋಡಲು ನಿಜಕ್ಕೂ ಚೆಂದ. ಆದರೆ ಕೆಳಗೆ ಪೆಡಲ್ ಇದ್ದರೆ ಮನುಷ್ಯನ ಕಾಲು ಸುಮ್ನೆ ಇರುತ್ತಾ? ಕಾಫಿಗೆ ಬಂದ ನಮ್ಮವರ ಚಿಕ್ಕಮ್ಮ ಮಾತಾಡುತ್ತ ಮಾತಾಡುತ್ತ ತುಳಿಯತೊಡಗಿದರು. ಚಕ್ರ ತಿರುಗಿತು. ಸೆರಗು ಸಿಕ್ಕಿಹಾಕಿಕೊಂಡಿತು. ಅವರು ಈಗ ನಮ್ಮ ಮನೆಗೆ ಬಂದರೆ ನಿಂತೇ ಕಾಫಿ ಕುಡಿಯುತ್ತಾರೆ.

ಇಷ್ಟಾದ ಮೇಲೆ ಕೊಂಡು ತರುವುದು ಬೇಡ, ಕೈಯಾರೆ ಮಾಡೋಣ ಅನ್ನಿಸಿತು. ಧಾರವಾಡದ ಕಡೆಯವರ ಮಾನ ಉಳಿಸಲು ಕಸೂತಿ ಹಿಡಿದೆ. ಕಸೂತಿಯಲ್ಲಿ ಚಿತ್ರ ಬರೆದುಕೊಂಡು ಹೊಲಿಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯಬೇಕು. ಗವಂತಿ ಹೊಲಿಗೆಯಲ್ಲಿ ಒಂದು ಸಲ ಎಳೆ ಬಿಟ್ಟು ಬಿಟ್ಟು ಮುಂದೆ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವ ಹಾಗಿಲ್ಲ. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಬ್ಯಾಂಕಿನಲ್ಲಿ ದಿನಕ್ಕೆ ಲಕ್ಷಗಟ್ಟಲೆ ಎಣಿಸುವ ನಾನು ದಿಂಬಿನ ಕವರಿನ ಮೇಲೆ ಗೋಪುರ ಹೊಲಿಯುತ್ತ ಆರು ಎಳೆ ಎಣಿಸುವ ಜಾಗದಲ್ಲಿ ಏಳು ಎಣಿಸಿದೆ. ಎಲ್ಲೋ ಒಂದು ಕಡೆ ಮಾತ್ರ. ಆದರೆ ವಾಪಸ್ ಬರುವಾಗ ದಾರಿ ಸೇರಲೇ ಇಲ್ಲ, ಗೋಪುರ ಎಡಕ್ಕೆ ವಾಲಿತು. ಮಗ ಬಂದು ನೋಡಿ, ‘ಅಮ್ಮಾ, ಮೊಬೈಲ್ ಟವರ್ ಸೂಪರ್’ ಅಂದ.

ಕೊನೆಗೆ ಕೌದಿ. ನನ್ನ ಮರ್ಯಾದೆ ಪೂರ್ತಿ ಹೋಗಿದ್ದು ಇಲ್ಲಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕೌದಿಯೊಂದನ್ನು ನೋಡಿದ್ದೆ. ಕೆಂಪು, ಹಳದಿ, ನೀಲಿ ಚಿಂದಿಗಳು ಒಂದರ ಪಕ್ಕ ಒಂದು ಜಗಳವಾಡದೆ ಕೂತಿದ್ದವು. ಅವರು ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬರುತ್ತ ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಇದ್ದ ಹಾಗೆ ಅನ್ನುವವರಿದ್ದಾರೆ. ಇದರಲ್ಲಿ ಎಣಿಸುವ ಕೆಲಸ ಇಲ್ಲವಲ್ಲ, ಸುಮ್ಮನೆ ಉದ್ದಕ್ಕೆ ಟಾಕು ಹಾಕುತ್ತ ಹೋದರಾಯಿತು ಅಂದುಕೊಂಡೆ.

ಮನೆಯಲ್ಲಿ ಹಳೇ ಬಟ್ಟೆ ಸಾಲಲಿಲ್ಲ. ಆನ್‌ಲೈನಿನಲ್ಲಿ ಹೊಸ ಖಣದ ಬಟ್ಟೆ ತರಿಸಿ, ಕತ್ತರಿಸಿ ಹೊಸ ಚಿಂದಿ ಮಾಡಿದೆ. ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಹಳೇ ಕಾಟನ್ ಸೀರೆ ಹಾಸಿ, ಮೇಲೆ ಚಿಂದಿ ಜೋಡಿಸಿ, ಅದರ ಮೇಲೇ ಕೂತು ಶುರು ಮಾಡಿದೆ. ಎಂಥ ನೆಮ್ಮದಿ ಅಂತೀರಿ! ಸೂಜಿ ಒಳಗೆ, ಸೂಜಿ ಹೊರಗೆ. ಹಳೇ ಹಾಡು ಗುನುಗುತ್ತ ಹನ್ನೊಂದು ಗಂಟೆಯವರೆಗೆ ಒಂದು ಬದಿ ಮುಗಿಸಿದೆ. ಅಷ್ಟರಲ್ಲಿ ಬೆಲ್ಲಾಯಿತು. ಎದ್ದೆ. ನನ್ನ ಜೊತೆ ಕೌದಿಯೂ ಎದ್ದಿತು.

ನೈಟಿ ಸಮೇತ ಹೊಲಿದಿದ್ದೆ. ಒಂದೆರಡು ಟಾಕಲ್ಲ, ಮೊಣಕಾಲಿನಿಂದ ಅಂಚಿನವರೆಗೆ ಒಂದು ಗೇಣು. ನಮ್ಮವರು ಸ್ನಾನಕ್ಕೆ ಹೋಗಿದ್ದರು, ಮಗ ಆಡಲು ಹೋಗಿದ್ದ. ಬೆಲ್ಲು ಮತ್ತೆ ಮತ್ತೆ ಬಾರಿಸುತ್ತಿತ್ತು. ಆರಡಿ ಕೌದಿಯನ್ನು ಹಿಂದೆ ಎಳೆಯುತ್ತ, ರಾಜದರ್ಬಾರಿಗೆ ಬಂದವಳ ಹಾಗೆ ಹೋಗಿ ಬಾಗಿಲು ತೆಗೆದೆ. ಕೊರಿಯರ್ ಹುಡುಗ ಕೌದಿಯನ್ನು ನೋಡಿದ, ನನ್ನನ್ನು ನೋಡಿದ. ಅದರ ತುದಿಯಲ್ಲಿ ಬಟ್ಟೆ ಹಾರದಿರಲಿ ಅಂತ ಇಟ್ಟಿದ್ದ ಹಿತ್ತಾಳೆ ಚೊಂಬು ಉರುಳಿಕೊಂಡು ಬರುತ್ತಿರುವುದನ್ನೂ ನೋಡಿದ. ‘ಓಟಿಪಿ ಹೇಳಿ ಮೇಡಂ’ ಅಂದ. ಓಟಿಪಿ ಬಂದಿದ್ದು ಮೊಬೈಲಿಗೆ. ಮೊಬೈಲ್ ಇದ್ದದ್ದು ಸೋಫಾ ಮೇಲೆ. ಮತ್ತೆ ದರ್ಬಾರು ವಾಪಸ್ ಹೊರಟಿತು.

ಹಾಗೂ ಹೀಗೂ ಮೂರು ತಿಂಗಳಿಗೆ ಕೌದಿ ಮುಗಿಯಿತು. ಅಂಚಿನಿಂದ ಒಳಗೆ ಬಂದಂತೆ ಮೇಲಿನ ಬಟ್ಟೆ ಜಾಸ್ತಿಯಾಗುತ್ತ ಹೋಯಿತು. ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ. ಕೊನೆಗೆ ನಟ್ಟನಡುವೆ ಒಂದು ಗುಡ್ಡ ಎದ್ದಿತು. ಮಗ ಅದಕ್ಕೆ ನಂದಿಬೆಟ್ಟ ಅಂತ ಹೆಸರಿಟ್ಟ. ಒಗೆದರೆ ಕೂತೀತು ಅಂತ ಒಗೆದೆ. ಹೊಸ ಚಿಂದಿಗಳೆಲ್ಲ ಕುಗ್ಗಿ, ಹಳೇ ಸೀರೆ ಇದ್ದಷ್ಟೇ ಇದ್ದು, ಇಡೀ ಕೌದಿ ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತು. ಬೆಟ್ಟ ಹಾಗೇ ಇತ್ತು. ಸುತ್ತ ಕಣಿವೆಗಳೂ ಬಂದವು.

ಆ ವಾರವೇ ಅವ್ವ ಬಂದಳು. ಕಣ್ಣಿಗೆ ಪೊರೆ ಬಂದಿದೆ, ತೋರಿಸಬೇಕು ಅಂತ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ ಅನ್ನುತ್ತಿದ್ದವಳು ಒಳಗೆ ಕಾಲಿಟ್ಟವಳೇ ಹೊಸ್ತಿಲಿಂದಲೇ ಹಂಡೆ ನೋಡಿದಳು.

‘ಇದಕ್ಕೆಷ್ಟ ಕೊಟ್ಟಿ?’

ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವ್ವ ಸೋಫಾ ಹಿಡಿದುಕೊಂಡು ಕೂತಳು. ‘ಯವ್ವಾ, ಅಷ್ಟರಾಗ ನಾವು ಎರಡ ಗೀಜರ್ ತಂದಿದ್ವಿ.’

ಆಮೇಲೆ ಕೌದಿ ಕೈಗೆತ್ತಿಕೊಂಡಳು. ಕಣ್ಣಿಗಿಂತ ಬೆರಳಿನಿಂದಲೇ ಜಾಸ್ತಿ ನೋಡಿದಳು. ಟಾಕಿನ ಮೇಲೆ ಹೆಬ್ಬೆರಳು ಸವರುತ್ತ ಹೋಗಿ ಗುಡ್ಡದ ಹತ್ತಿರ ನಿಂತಳು. ‘ಬಟ್ಟಿ ಸವರಿಲ್ಲ ನೀ. ಒಂದ ಕೈಲೆ ಸವರಕೋತ ಒಂದ ಕೈಲೆ ಹೊಲೀಬೇಕು. ಮತ್ತ ಈ ಹೊಸಾ ಬಟ್ಟಿ ಹಾಕು ಅಂತ ಯಾರು ಹೇಳಿದ್ರು? ಒಗದು ಒಗದು ಹಳೇದಾದದ್ದು ಮತ್ತ ಕುಗ್ಗಂಗಿಲ್ಲ. ಅದಕ್ಕ ಕೌದಿಗೆ ಹಳೇ ಬಟ್ಟಿ.’

‘ಹಳೇ ಬಟ್ಟೆ ಎಲ್ಲಾ ನೀನು ಡಬರಿಗೆ ಹಾಕಿದ್ಯಲ್ಲವ್ವ’ ಅಂದೆ. ಅದು ಕೇಳಿಸದವಳ ಹಾಗೆ ಕೂತಳು. ಪೊರೆ ಬಂದಿದ್ದು ಕಣ್ಣಿಗಾ ಕಿವಿಗಾ ಗೊತ್ತಾಗಲಿಲ್ಲ.

ಮರುದಿನ ಅವಳು ತನ್ನ ಬ್ಯಾಗಿನ ತಳದಿಂದ ಒಂದು ಗಂಟು ತೆಗೆದಳು. ಅಜ್ಜಿಯ ಒಂದು ಇಳಕಲ್ ಸೀರೆ ಹೇಗೋ ಉಳಿದಿತ್ತಂತೆ. ಒಡಲು ಹರಿದು ಜಾಳುಜಾಳಾಗಿತ್ತು, ಟೋಪ್ ತೆನಿ ಅನ್ನುವ ವಿನ್ಯಾಸದ ಕೆಂಪು ಸೆರಗು ಮಾತ್ರ ಗಟ್ಟಿ. ಒಡಲೂ ಸೆರಗೂ ಸೇರುವ ಜಾಗದ ಮೇಲೆ ನನ್ನ ಬೆರಳು ಹಿಡಿದು ಓಡಿಸಿದಳು. ಸಣ್ಣಗೆ ಒಂದು ಗೆರೆ ತಾಕಿತು. ಕೊಂಡಿ. ಒಡಲಿನ ಹಾಸಿನ ಎಳೆಯನ್ನೂ, ಅಂದರೆ ಉದ್ದದ ಎಳೆಯನ್ನೂ, ಸೆರಗಿನ ಹಾಸಿನ ಎಳೆಯನ್ನೂ ಒಂದಕ್ಕೊಂದು ಸಿಕ್ಕಿಸಿ ಸೇರಿಸಿದ್ದು, ಸಾವಿರಾರು ಎಳೆ. ನನ್ನ ಏಳು ಎಳೆ ನೆನಪಾಗಿ ಸುಮ್ಮನಾದೆ. ಅವ್ವ ಗುಡ್ಡದ ಟಾಕು ಬಿಚ್ಚಿ, ಒಡಲಿನ ತುಂಡು ಹಾಕಿ ನಡುಭಾಗ ಮತ್ತೆ ಹೊಲಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟದ್ದಷ್ಟೇ ನನ್ನ ಕೆಲಸ. ಸೆರಗಿಗೆ ಫ್ರೇಮ್ ಹಾಕಿಸ್ತೀನಿ ಅಂದಿದ್ದಕ್ಕೆ, ‘ಸೀರಿ ಏನು ಸತ್ತೈತೇನು, ಫೋಟೋ ಹಾಕಾಕ?’ ಅಂದಳು.

ಊರಿಗೆ ಹೊರಡುವ ಹಿಂದಿನ ದಿನ ಕೆಳಗಡೆ ರಸ್ತೆಯಲ್ಲಿ ‘ಪಾತ್ರೇ...’ ಅನ್ನುವ ದನಿ ಕೇಳಿತು. ನಾನು ಫೋನಿನಲ್ಲಿದ್ದೆ. ಅವ್ವ ಚಪ್ಪಲಿ ಮೆಟ್ಟಿ ಹೋಗಿದ್ದು ಗೊತ್ತೇ ಆಗಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡಿದರೆ ನನ್ನ ಚಹಾ ಟೇಬಲ್ ಕ್ಲಾತು ಪಾತ್ರೆಯವಳ ಕೈಯಲ್ಲಿದೆ, ಟವರಿನ ದಿಂಬಿನ ಕವರ್ ಅವಳ ತೊಡೆ ಮೇಲಿದೆ. ಅವಳು ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಮೂಸಿ ನೋಡಿ ತಲೆ ಅಲ್ಲಾಡಿಸಿದಳು.

‘ಬರೀ ಕಲೆ ಅಜ್ಜಿ. ಇದಕ್ಕೇನೂ ಬರಲ್ಲ.’

ಅವ್ವನ ದನಿ ಮೂರನೇ ಮಹಡಿಗೂ ಕೇಳಿಸಿತು. ‘ಕಲಿ ಅಲ್ಲವಾ ಅದು, ವಿಂಟೇಜ್! ಬೇಕಂತನ ಮಾಡ್ಯಾರ. ಅಂಗಡ್ಯಾಗ ಕೇಳಿ ನೋಡು, ಇದಕ್ಕ ರೊಕ್ಕ ಜಾಸ್ತಿ.’

ಇಪ್ಪತ್ತು ನಿಮಿಷವಾದ ಮೇಲೆ ಮೇಲೆ ಬಂದಳು. ಕೈಯಲ್ಲಿ ಒಂದು ಚಹಾ ಸೋಸುವ ಜರಡಿ. ಸೆರಗಿನ ಗಂಟಿನಿಂದ ಒಂದು ಚಮಚವನ್ನೂ ತೆಗೆದು ಕಟ್ಟೆ ಮೇಲಿಟ್ಟಳು. ‘ಕೊಸರು’ ಅಂದಳು.