ಒಂದೇ ಬಿಲ್ಲು, ಒಂದೇ ಸಲ ಎಲ್ಲಾ ಬಂದ್

ಪೇಪರ್ ಬಿಡಿಸಿದರೆ ಮುಖಪುಟದ ತುಂಬ ಜಾಹೀರಾತು. ಮೊಬೈಲ್, ಫೈಬರ್, ಟಿವಿ, ಲ್ಯಾಂಡ್‌ಲೈನ್, ಮೇಲೊಂದು ರಾಶಿ ಓಟಿಟಿ. ಎಲ್ಲಕ್ಕೂ ಒಂದೇ ಪ್ಲಾನ್, ಒಂದೇ ಬಿಲ್. ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದೇ ಸೋಫಾದಲ್ಲಿ ಕೂತು ಹಲ್ಲು ಬಿಡುತ್ತಿದ್ದಾರೆ. ನಾಲ್ಕು ಜನ ನಾಲ್ಕು ಸ್ಕ್ರೀನ್ ಹಿಡಿದ ಮನೆಯಲ್ಲಿ ಇಷ್ಟೊಂದು ಒಗ್ಗಟ್ಟನ್ನು ನಾನು ಜಾಹೀರಾತಿನಲ್ಲಿ ಮಾತ್ರ ನೋಡಿದ್ದೇನೆ.

ಕಂಪನಿಗಳು ಇದನ್ನು ಕನ್ವರ್ಜೆನ್ಸ್ ಎನ್ನುತ್ತವೆ. ತಂತಿಯ ಜಾಲ, ಗಾಳಿಯ ಜಾಲ ಸೇರಿ ಒಂದಾಗಿವೆಯಂತೆ. ಸುಳ್ಳಲ್ಲ. ಎಷ್ಟು ಸೇರಿವೆ ಅಂದ್ರೆ ಒಂದರ ಕೆಲಸ ಇನ್ನೊಂದು ಮಾಡುತ್ತಿದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ ಅಂತ ದೂರಿದರೆ ‘ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ ಸರ್’ ಎನ್ನುತ್ತಾರೆ. 2019ರ ಡಿಸೆಂಬರಿನಿಂದ ನಮ್ಮ ದೇಶದಲ್ಲಿ ಈ ಭಾಗ್ಯ ಇದೆ. ಅಂದರೆ ಅವರ ಟವರ್ ಹೊರಬೇಕಾದ ಕರೆಯನ್ನು ನಾನು ದುಡ್ಡು ಕೊಟ್ಟು ಹಾಕಿಸಿಕೊಂಡ ಬ್ರಾಡ್‌ಬ್ಯಾಂಡ್ ಹೊರುತ್ತದೆ. ರೀಚಾರ್ಜ್ ಮಾತ್ರ ತಪ್ಪಲ್ಲ. ಅತ್ತ, ಮನೆಗೆ ಫೈಬರ್ ಎಳೆದು ಕೊಡಿ ಎಂದವರ ತಾರಸಿಯ ಮೇಲೆ 2023ರಿಂದ ಒಂದು ಡಬ್ಬಿ ಕೂರುತ್ತಿದೆ. ಅದು 5ಜಿ ಟವರಿನಿಂದ ನೆಟ್ ಹಿಡಿಯುತ್ತದೆ. ಮೊಬೈಲ್ ಕರೆ ತಂತಿಯಲ್ಲಿ, ಮನೆಯ ನೆಟ್ಟು ಗಾಳಿಯಲ್ಲಿ. ಎಂಜಿನಿಯರುಗಳಿಗೆ ನಮಸ್ಕಾರ!

ಮೊನ್ನೆ ಮನೆಯ ನೆಟ್ ಹೋಯಿತು. ಯಾವ ಕಂಪನಿ ಅಂತ ಕೇಳಬೇಡಿ. ದೂರು ಕೊಡಲು ಆ್ಯಪ್ ತೆರೆಯಬೇಕು. ಆ್ಯಪಿಗೆ ಓಟಿಪಿ ಬೇಕು. ಓಟಿಪಿ ಬರಲು ಸಿಗ್ನಲ್ ಬೇಕು. ಮನೆಯೊಳಗೆ ಸಿಗ್ನಲ್ ಬೇಕಂದ್ರೆ ವೈಫೈ ಬೇಕು. ವೈಫೈ ಹೋಗಿದೆ ಅಂತಲೇ ಅಲ್ವಾ ಸ್ವಾಮಿ ನಾನು ದೂರು ಕೊಡಲು ಹೊರಟಿದ್ದು? ಬೇಕರಿ ಮುಂದೆ ಹೋಗಿ ನಿಂತು ಫೋನ್ ಮಾಡಿದೆ. ಫೈಬರಿನವರು ಮೊಬೈಲಿನವರಿಗೆ ದಾಟಿಸಿದರು, ಮೊಬೈಲಿನವರು ಟಿವಿಯವರಿಗೆ. ಬಿಲ್ಲು ಒಂದಾಗಿದೆ, ಬೈಸಿಕೊಳ್ಳುವವರು ಇನ್ನೂ ಒಂದಾಗಿಲ್ಲ.

ಬಿಎಸ್ಸೆನ್ನೆಲ್‌ನ ತರಂಗ್ ನೆನಪಿದೆಯಾ? ಡಬ್ಲ್ಯೂಎಲ್‌ಎಲ್, ಅಂದರೆ ಮನೆಗೆ ತಂತಿಯ ಬದಲು ಗಾಳಿಯಲ್ಲಿ ಬರುವ ಲ್ಯಾಂಡ್‌ಲೈನ್ ಕಾಲದ ಫೋನು. 2001ರಲ್ಲಿ ಸರ್ಕಾರ ಲ್ಯಾಂಡ್‌ಲೈನ್ ಕಂಪನಿಗಳಿಗೆ ಒಂದು ವರ ಕೊಟ್ಟಿತು: ನಿಮ್ಮ ಫೋನ್ ತಂತಿ ಇಲ್ಲದೆ ಓಡಾಡಬಹುದು, ಆದರೆ ಹೆಚ್ಚುಕಮ್ಮಿ ಒಂದು ತಾಲೂಕಿನೊಳಗೆ ಮಾತ್ರ. ಗಡಿ ದಾಟಿದರೆ ಫೋನ್ ಮೂಕ. ಮೊಬೈಲ್ ಕಂಪನಿಗಳಿಗೆ ಉರಿ ಹತ್ತಿತು. ನಡೆದಾಡುವ ಫೋನು ಸ್ಥಿರ ದೂರವಾಣಿಯೋ ಮೊಬೈಲೋ ಎಂದು ಟ್ರಿಬ್ಯೂನಲ್ಲಿನಿಂದ ಸುಪ್ರೀಂ ಕೋರ್ಟಿನವರೆಗೆ ಜಗಳ. ವಾದ ಮುಗಿಯುವ ಹೊತ್ತಿಗೆ ಜನ ಅದನ್ನು ಜೇಬಿಗೆ ಹಾಕಿಕೊಂಡು ಊರೆಲ್ಲ ಸುತ್ತಿದ್ದರು. 2003ರ ನವೆಂಬರಿನಲ್ಲಿ ಸರ್ಕಾರ ಎರಡಕ್ಕೂ ಒಂದೇ ಲೈಸೆನ್ಸ್ ಎಂದು ಕೈತೊಳೆದುಕೊಂಡಿತು. ಅದೇ ಕಾಲದಲ್ಲಿ ಟೆಲಿಕಾಂ, ಟಿವಿ, ಇಂಟರ್‌ನೆಟ್ ಮೂರಕ್ಕೂ ಒಂದೇ ಕಾನೂನು ತರುವ ಮಸೂದೆಯೂ ಲೋಕಸಭೆಗೆ ಬಂದಿತ್ತು, 2001ರಲ್ಲಿ. ಸದನ ವಿಸರ್ಜನೆಯಾಯಿತು, ಮಸೂದೆಯೂ ಹೋಯಿತು. ಮನೆಗೆ ಬರುವ ತಂತಿ ಇವತ್ತು ಒಂದೇ. ಅದರಲ್ಲಿ ಫೋನ್ ಬಂದರೆ ಒಂದು ಸಚಿವಾಲಯ, ಸಿನಿಮಾ ಬಂದರೆ ಇನ್ನೊಂದು.

ಪ್ಲಾನ್ ಜೊತೆ ಲ್ಯಾಂಡ್‌ಲೈನ್ ಫ್ರೀ ಬೇರೆ. ಹಳೇ ಲ್ಯಾಂಡ್‌ಲೈನಿಗೆ ಒಂದು ಗುಣವಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ತಾಮ್ರದ ತಂತಿಯಲ್ಲೇ ಬರುತ್ತಿತ್ತು. ಊರಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ಟ್ರಿಣ್ ಅನ್ನುತ್ತಿತ್ತು. ಕ್ರೋಶಾ ಬಟ್ಟೆ ಹೊದ್ದು, ಡಯಲಿಗೆ ಬೀಗ ಹಾಕಿಸಿಕೊಂಡು ಕೂತಿದ್ದರೂ ಜೀವ ಇತ್ತು ಅದಕ್ಕೆ. ಈಗ ಕರೆಂಟ್ ಹೋದರೆ ಮೋಡೆಮ್ ಆರುತ್ತದೆ. ಅದರ ಹಿಂದೆಯೇ ಲ್ಯಾಂಡ್‌ಲೈನ್, ಟಿವಿ, ವೈಫೈ, ಒಳಗಿದ್ದ ಮೊಬೈಲ್ ಸಿಗ್ನಲ್ಲು, ಎಲ್ಲವೂ. ಇಷ್ಟು ಒಗ್ಗಟ್ಟಾಗಿ ಸಾಯುವುದು ಪಾಂಡವರಿಂದಲೂ ಆಗಲಿಲ್ಲ. ಯುಪಿಎಸ್ ಇದ್ದವರೂ ಜಾಸ್ತಿ ಬೀಗಬೇಡಿ. ಬೆಂಗಳೂರಿನ ಮರಗಳಲ್ಲಿ ಬೀಳಲಿನ ಹಾಗೆ ಜೋತಾಡುತ್ತಿರುವ ಕೇಬಲ್ ನೋಡಿದ್ದೀರಲ್ಲ? ಒಂದು ಕೊಂಬೆ ಮುರಿದರೆ ಸಾಕು.

ಇದೆಲ್ಲ ಪೇಟೆಯವರ ನಗೆಚಾಟಿಕೆ. ಹಳ್ಳಿಗೆ ಬನ್ನಿ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಎಳೆಯುತ್ತೇವೆ ಎಂದು ಕೇಂದ್ರ ಸಂಪುಟ ಒಪ್ಪಿದ್ದು 2011ರಲ್ಲಿ. ಎರಡು ವರ್ಷದಲ್ಲಿ ಮುಗಿಯಬೇಕಿತ್ತು. ನಡುವೆ ಹೆಸರು ಬದಲಾಗಿ ಭಾರತ್‌ನೆಟ್ ಆಯಿತು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದ. ಆ ಫೋಟೋ ಎಲ್ಲರೂ ನೋಡಿದೆವು, ಎಲ್ಲರೂ ‘ಛೇ’ ಅಂದೆವು, ಎಲ್ಲರೂ ಫಾರ್ವರ್ಡ್ ಮಾಡಿದೆವು. 2023ರಲ್ಲಿ ಅದೇ ಯೋಜನೆಗೆ ಮತ್ತೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ಹತ್ತು ವರ್ಷ ಸಾಲದೇ ಹೋಯಿತಾ ನಿಮಗೆ?

ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕುವ ಹುಚ್ಚಿನಲ್ಲಿ, ಬರೀ ಮಾತಾಡಲು ಫೋನ್ ಇಟ್ಟುಕೊಂಡವರಿಗೂ ಡೇಟಾ ಕಟ್ಟಿದರು. ಕೀಪ್ಯಾಡ್ ಫೋನಿನ ಅಜ್ಜಿಗೂ ಜಿಬಿ ಲೆಕ್ಕ. ಬರೀ ಕರೆ, ಎಸ್ಸೆಮ್ಮೆಸ್ಸಿಗೂ ಒಂದು ಪ್ಲಾನ್ ಕೊಡಿ ಅಂತ 2024ರ ಡಿಸೆಂಬರಿನಲ್ಲಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮವನ್ನೇ ಮಾಡಬೇಕಾಯಿತು. ಕೊಟ್ಟರಪ್ಪ. 84 ದಿನಕ್ಕೆ 400 ರೂಪಾಯಿಗೂ ಮೇಲೆ. ಅಷ್ಟು ಕಟ್ಟಿ ಅಜ್ಜಿ ಮಗಳ ಫೋನಿಗೆ ಕಾಯುತ್ತಾ ಕೂತರೆ ಮೊದಲು ಬರುವ ಕರೆ ಹೀಗಿರುತ್ತದೆ: ‘ಮೇಡಂ, ಮನೆಗೆ ಫೈಬರ್ ಹಾಕಿಸ್ಕೊಳ್ತೀರಾ? ಹೌದು ಅಂದ್ರೆ ಒಂದು ಒತ್ತಿ.’